ಸುರಿಂದರ್ ಸಿಂಗ್ ಮಾರ್ಗ

ಬ್ರಿಟನ್ನಿನಲ್ಲಿ ನೆಲೆಸಿದ ಹೆಣ್ಣನ್ನು ವರಿಸಿದ ಹೊರದೇಶದ ಗಂಡಸಿನ ಮದುವೆಯ ಪ್ರಧಾನ ಉದ್ದೇಶ ವಲಸೆಯಾಗಿರಬಾರದೆಂಬ ನಿಯಮ 1980ರಲ್ಲಿ ಜಾರಿಗೆ ಬಂದು, ಭಾರತ ಉಪಖಂಡದ ಅರ್ಜಿದಾರರನ್ನು ವಿಶೇಷವಾಗಿ ತಟ್ಟಿತು. ವಲಸೆ ನಿಯಮಗಳು ಗಂಡ ಹೆಂಡಿರ ನಡುವೆ ಎಣಿಸುತ್ತಿದ್ದ ಭೇದವನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1985ರಲ್ಲಿ ತಪ್ಪೆಂದಾಗ, ಸರ್ಕಾರ ಗಂಡಂದಿರ ಮೇಲಿನ ಬಿಗಿಯನ್ನು ಸಡಿಲಿಸದೆ ಅದನ್ನೇ ಹೆಂಡತಿಯರಿಗೂ ವಿಸ್ತರಿಸಿತು. ಸಮಾನತೆಗೆ ಇಂಥ ವ್ಯಾಖ್ಯಾನ ವಿರಳವೇ ಸರಿ.

ಮತ್ತೊಂದು ದಾರಿ ತೆರೆದದ್ದು ಭಾರತೀಯ ಪ್ರಜೆಯೊಬ್ಬರ ಮೊಕದ್ದಮೆಯಿಂದ. ಸುರಿಂದರ್ ಸಿಂಗ್ 1982ರಲ್ಲಿ ಬ್ರಿಟಿಷ್ ಪ್ರಜೆಯನ್ನು ಮದುವೆಯಾಗಿ, ಮರುವರ್ಷದಿಂದ ಪತ್ನಿಯೊಡನೆ ಜರ್ಮನಿಯಲ್ಲಿ ದುಡಿದು, 1985ರಲ್ಲಿ ವ್ಯಾಪಾರ ನಡೆಸಲು ಬ್ರಿಟನ್ನಿಗೆ ಮರಳಿದ್ದರು. ಮುಕ್ತ ಸಂಚಾರದ ಹಕ್ಕನ್ನು, ಅಂದರೆ ಯುರೋಪಿಯನ್ ಸಮುದಾಯದ ಸದಸ್ಯ ರಾಷ್ಟ್ರಗಳಲ್ಲಿ ಎಲ್ಲಿ ಬೇಕಾದರೂ ದುಡಿಯುವ ಹಕ್ಕನ್ನು, ಬಳಸಿಕೊಂಡ ಪ್ರಜೆ ತಾಯ್ನಾಡಿಗೆ ಮರಳುವಾಗಲೂ ಸಂಗಾತಿಯನ್ನು ಸಮುದಾಯದ ಕಾನೂನಿನಡಿಯೇ ಕರೆತರಬಹುದೆಂದು ಆ ಸಮುದಾಯದ ನ್ಯಾಯಾಲಯ 1992ರಲ್ಲಿ ತೀರ್ಪಿತ್ತಿತು.

ಉದ್ದೇಶ ಪರೀಕ್ಷೆಯ ನಿಯಮ 1997ರಲ್ಲಿ ರದ್ದಾಯಿತಾದರೂ, 2012ರಲ್ಲಿ ಬ್ರಿಟಿಷ್ ಸಂಗಾತಿಗೆ ವರ್ಷಕ್ಕೆ 18,600 ಪೌಂಡ್ ಕನಿಷ್ಠ ಆದಾಯವನ್ನು ವಿಧಿಸಿದಾಗ, ಅಷ್ಟು ಗಳಿಸಲಾಗದ ಎಷ್ಟೋ ದಂಪತಿಗಳು ಸ್ವದೇಶದ ಅರ್ಜಿಯನ್ನು ಬಿಟ್ಟು ಐರ್ಲೆಂಡಿನಂಥ ನೆರೆರಾಷ್ಟ್ರಗಳಲ್ಲಿ ಕೆಲಕಾಲ ದುಡಿದು ಮರಳುವ ಸುತ್ತುದಾರಿಯನ್ನು ಆರಿಸಿಕೊಂಡರು. ಬ್ರೆಕ್ಸಿಟ್ ಅದನ್ನು ಮುಚ್ಚಿತು. ಮೊದಲೇ ಯುರೋಪಿನಲ್ಲಿ ನೆಲೆಸಿದ್ದ ಕುಟುಂಬಗಳಿಗೆ ಸಾಮಾನ್ಯವಾಗಿ 2022ರ ಮಾರ್ಚ್ 29ರವರೆಗೆ ಕಾಲಾವಕಾಶ ದೊರೆಯಿತು.