ಗುಡಿಯ ಹೊರಗೆ ನಿಂತವರ ನಗು

ನಮ್ಮ ಕಾಲೇಜಿನ ಬಿ.ಎ. ಮಕ್ಕಳಿಗೆ ಒಮ್ಮೆ ‘ಮುಕುಂದ ಮುರಾರಿ’ ತೋರಿಸಿದೆ. ಪ್ರೊಜೆಕ್ಟರ್ ಬೇರೆ ವಿಭಾಗದಿಂದ ಕೇಳಿ ತಂದದ್ದು, ಪರದೆ ಅಂದರೆ ಗೋಡೆಗೆ ಮೊಳೆ ಹೊಡೆದು ಕಟ್ಟಿದ ಬಿಳಿ ಧೋತರ. ಹುಡುಗರು ಚೆನ್ನಾಗಿ ನಕ್ಕರು. ಚಿತ್ರ ಮುಗಿದು ಕಿಟಕಿ ತೆರೆದಾಗ, ಕುಷ್ಟಗಿ ಕಡೆಯಿಂದ ಬಸ್ಸಿಗೆ ಬರುವ ಹುಡುಗನೊಬ್ಬ ಎದ್ದು ನಿಂತು ಕೇಳಿದ: ‘ಸರ್, ಇದ್ರಾಗ ಅಂವಾ ದೇವರ ಮ್ಯಾಲೆ ಕೇಸ್ ಹಾಕ್ತಾನ. ನಮ್ಮ ಕಡೆ ದೇವರ ಮಂದಿ ಕೂಸಿನ ಮ್ಯಾಲೆ ದಂಡ ಹಾಕಿದ್ರು. ಯಾವುದಕ್ಕ ನಗಬೇಕ್ರಿ?’

ಅವನು ಹೇಳಿದ್ದು ಮಿಯಾಪುರದ ಸಂಗತಿ. 2021ರ ಸೆಪ್ಟೆಂಬರ್ 4ರಂದು ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಎರಡು ವರ್ಷದ ಮಗುವನ್ನು ಅದರ ಹುಟ್ಟುಹಬ್ಬದ ದಿನ ಆಂಜನೇಯನ ಗುಡಿಯ ಮುಂದೆ ಕರೆತಂದಿದ್ದರು. ಗುಡಿಯ ಮುಂದೆ ಮಾತ್ರ, ಒಳಗಲ್ಲ. ಅದು ಆ ಊರಿನ ಕಟ್ಟಳೆ. ಮಳೆ ಬಂತು, ಮಗು ಒಳಗೆ ಓಡಿತು. ಅಷ್ಟಕ್ಕೇ ದೇವರು ಮೈಲಿಗೆಯಾದ. ವಾರದ ನಂತರ ಸಭೆ ಸೇರಿಸಿ, ಗುಡಿ ಶುದ್ಧಿ ಮಾಡಿಸುವ ಖರ್ಚೆಂದು ಸುಮಾರು 25 ಸಾವಿರ ರೂಪಾಯಿ ಕೊಡಬೇಕೆಂದರು. ಸುದ್ದಿ ಹೊರಬಿದ್ದ ಮೇಲೆ ಪೊಲೀಸರು ಬಂದರು, ಕೆಲವರ ಬಂಧನವಾಯಿತು.

ಆ ಹುಡುಗನ ಪ್ರಶ್ನೆಗೆ ನನ್ನ ಹತ್ತಿರ ಅವತ್ತು ಉತ್ತರವಿರಲಿಲ್ಲ. ಧರ್ಮ ಮತ್ತು ಕುರುಡು ನಂಬಿಕೆಯನ್ನು ಗೇಲಿ ಮಾಡುವ ಚಿತ್ರಗಳನ್ನು ಪ್ರಗತಿಪರರಾದ ನಾವು ಬಾಯಿತುಂಬ ಹೊಗಳುತ್ತೇವೆ. ಆ ಗೇಲಿ ಯಾವ ಜಾಗದಲ್ಲಿ ನಿಂತು ಮಾಡಿದ್ದು ಎಂದು ಕೇಳುವುದಿಲ್ಲ. ಈ ಲೇಖನ ಆ ಹುಡುಗನಿಗೆ ತಡವಾಗಿ ಕೊಡುತ್ತಿರುವ ಉತ್ತರ.

‘ಮುಕುಂದ ಮುರಾರಿ’ 2016ರದು. ನಂದಕಿಶೋರ್ ನಿರ್ದೇಶನ, ಉಪೇಂದ್ರ ಮತ್ತು ಸುದೀಪ್ ಜೋಡಿ. 2012ರ ಹಿಂದಿ ಚಿತ್ರ ‘ಓ ಮೈ ಗಾಡ್’ ಇದರ ಮೂಲ. ಅದಕ್ಕೂ ಹಿಂದೆ ಒಂದು ಗುಜರಾತಿ ನಾಟಕವಿದೆ. ದೇವರ ವಿಗ್ರಹ ಮಾರುವ ನಾಸ್ತಿಕನ ಅಂಗಡಿ ಭೂಕಂಪಕ್ಕೆ ನೆಲಸಮವಾಗುತ್ತದೆ. ಇದು ದೇವರ ಕೃತ್ಯ, ದುಡ್ಡು ಕೊಡಲಾಗದು ಎನ್ನುತ್ತದೆ ವಿಮಾ ಕಂಪನಿ. ಹಾಗಾದರೆ ದೇವರೇ ಕೊಡಲಿ ಎಂದು ಇವನು ಕೋರ್ಟಿಗೆ ಹೋಗುತ್ತಾನೆ. ಬಹಳ ಚಂದದ ಎಳೆ. ಸ್ವಾಮಿಗಳು, ಮಠಗಳು, ಕಾಣಿಕೆ ಡಬ್ಬಿಗಳು ಕಟಕಟೆಗೆ ಬರುತ್ತವೆ. ಆದರೆ ಮೂಲ ಹಿಂದಿ ಚಿತ್ರದ ಕೊನೆಯ ಭಾಗ ನೋಡಿರಿ. ವಾದಿಸುತ್ತಲೇ ನಾಯಕನಿಗೆ ಲಕ್ವ ಹೊಡೆಯುತ್ತದೆ, ಆಸ್ಪತ್ರೆಯಲ್ಲಿ ಕೃಷ್ಣನೇ ಬಂದು ಮುಟ್ಟಿ ಎಬ್ಬಿಸುತ್ತಾನೆ. ನಾಸ್ತಿಕ ಆಸ್ತಿಕನಾಗುತ್ತಾನೆ. 2014ರ ‘ಪಿಕೆ’ಯದೂ ಇದೇ ಹಾದಿ: ಸ್ವಾಮಿ ಸುಳ್ಳು, ದೇವರು ನಿಜ, ನಡುವೆ ‘ರಾಂಗ್ ನಂಬರ್’ ಬಂದಿದೆ ಅಷ್ಟೆ.

ಈ ಚಿತ್ರಗಳ ನಾಯಕ ಒಬ್ಬ ಗಿರಾಕಿ. ದುಡ್ಡು ಕೊಟ್ಟೆ, ಸರಕು ಸರಿಯಿಲ್ಲ ಎನ್ನುವುದು ಅವನ ತಕರಾರು. ಅಂಗಡಿಯೊಳಗೆ ಬರಲು ಅವನಿಗೆ ಅಡ್ಡಿಯೇ ಇಲ್ಲ. ಹೊಸ್ತಿಲು ದಾಟಲಾಗದವನ ತಕರಾರು ಬೇರೆಯೇ ಇದೆ. ಗುಡಿಯಲ್ಲಿ ಮೋಸ ನಡೆಯುತ್ತದೋ ಇಲ್ಲವೋ ನೋಡಲು ಅವನು ಮೊದಲು ಒಳಗೆ ಹೋಗಬೇಕಲ್ಲ! ಪುರೋಹಿತಶಾಹಿಯನ್ನು ವ್ಯಾಪಾರವೆಂದು ಮಾತ್ರ ಕಾಣುವ ಈ ಹಾಸ್ಯಕ್ಕೆ ಜಾತಿ ಕಾಣುವುದಿಲ್ಲ. 2011ರ ಮರಾಠಿ ‘ದೇವೂಳ್’ ಇವುಗಳಿಗಿಂತ ಮೊನಚಾದದ್ದು. ದನ ಹುಡುಕಲು ಹೋದ ಹುಡುಗನಿಗೆ ದತ್ತ ಕಂಡನಂತೆ ಎಂದದ್ದೇ ತಡ, ಊರ ರಾಜಕಾರಣಿಗಳು ದೇವಸ್ಥಾನ ಕಟ್ಟಿ ಪೇಟೆ ಎಬ್ಬಿಸುತ್ತಾರೆ. ರಾಷ್ಟ್ರಪ್ರಶಸ್ತಿಗೆ ಯೋಗ್ಯವಾದ ಚಿತ್ರವೇ. ಆದರೂ ಅದರ ಸಿಟ್ಟು ಪೇಟೆಯ ಮೇಲೆ.

ದೇವರನ್ನು ಗೇಲಿ ಮಾಡುವುದನ್ನು ನಮಗೆ ಸಿನಿಮಾ ಕಲಿಸಲಿಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ಪ್ರಾಯದಲ್ಲಿ, ಪದ್ಮಶ್ರೀ ಬಂತು. ಪತ್ರಿಕೆಗಳು ರಾಮಾಯಣ, ಮಹಾಭಾರತ ಉಳಿಸಿದ ಅಜ್ಜಿ ಎಂದು ಬರೆದವು. ಸರಿಯೇ. ಆದರೆ ಆ ಪರದೆಯ ಮೇಲೆ ರಾಮನ ಜೊತೆಗೆ ಕಿಳ್ಳೇಕ್ಯಾತನೂ ಬರುತ್ತಾನಲ್ಲ, ಅವನ ಸುದ್ದಿ ಯಾರೂ ಎತ್ತಲಿಲ್ಲ. ಕಪ್ಪು ಮೈ, ಡೊಳ್ಳು ಹೊಟ್ಟೆ, ಕೆದರಿದ ಕೂದಲು, ಜೊತೆಗೆ ಬಂಗಾರಕ್ಕ. ಇವರಿಬ್ಬರೂ ಬಂದರೆಂದರೆ ಪುರಾಣದ ಮಡಿ ಮುಗಿಯಿತು. ಹೊಟ್ಟೆ, ಹಾಸಿಗೆ, ಹೇಲು, ಸಾಲ ಎಲ್ಲವೂ ದೇವರ ಕತೆಯ ನಡುವೆಯೇ ಬರುತ್ತವೆ. ಈ ಆಟ ಆಡುವ ಶಿಳ್ಳೇಕ್ಯಾತರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವವರು. ಮಳೆ ಬರಲೆಂದು ಊರವರೇ ಇವರನ್ನು ಕರೆಸಿ ಆಡಿಸುತ್ತಿದ್ದರು. ದೇವರ ಕತೆ ಹೇಳುವ ಬಾಯಿಗೇ ದೇವರನ್ನು ನಗೆಗೀಡು ಮಾಡುವ ಸದರವೂ ಇತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಸಿದ್ಧಲಿಂಗಯ್ಯನವರ ‘ಅವತಾರಗಳು’ ಓದಿದವರಿಗೆ ಈ ನಗುವಿನ ಗುರುತು ಹತ್ತುತ್ತದೆ. ಅಲ್ಲಿನ ಗ್ರಾಮದೇವತೆಗಳ ಜೊತೆ ಜನ ಚೌಕಾಸಿ ಮಾಡುತ್ತಾರೆ, ಬೈಯುತ್ತಾರೆ, ಮುನಿಯುತ್ತಾರೆ. ದೇವರು ಇದ್ದಾನೋ ಇಲ್ಲವೋ ಎನ್ನುವುದು ಅಲ್ಲಿ ದೊಡ್ಡ ಪ್ರಶ್ನೆಯೇ ಅಲ್ಲ. ಇದ್ದರೆ ನಮ್ಮ ಮಾತು ಕೇಳಲಿ ಎನ್ನುವ ಧಾಟಿ. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡ ಪರೀಕ್ಷೆಗೆ ಸಮಿತಿ ಮಾಡಿದ್ದು ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ವಿಚಾರವಾದಿಗಳ ನಗು ಬೇರೆ, ಕೇರಿಯ ನಗು ಬೇರೆ. ಮೊದಲನೆಯದು ದೇವರನ್ನು ಪರೀಕ್ಷೆಗೆ ಕೂರಿಸುತ್ತದೆ, ಎರಡನೆಯದು ಅವನನ್ನು ಕಟ್ಟೆಯ ಮೇಲೆ ಪಕ್ಕಕ್ಕೆ ಕೂರಿಸಿಕೊಳ್ಳುತ್ತದೆ.

ಈ ನಗು ಸಿನಿಮಾಕ್ಕೆ ಬಂದಾಗ ಏನಾಯಿತು? 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು. ಆಗ ನಮ್ಮ ಕೊಪ್ಪಳ, ಗಂಗಾವತಿಗಳು ಇನ್ನೂ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ಕೊಪ್ಪಳ, ಯಲಬುರ್ಗಾಗಳು ಅದಕ್ಕೂ ಮುಂಚೆ ಸಾಲಾರ್ ಜಂಗರ ಜಹಗೀರು. ನಮ್ಮಜ್ಜ ಈ ಚಿತ್ರವನ್ನು ಎಷ್ಟೋ ವರ್ಷ ತಡವಾಗಿ ಟೂರಿಂಗ್ ಟಾಕೀಸಿನಲ್ಲಿ ನೋಡಿದ್ದ. ‘ನೆಲದ ಟಿಕೇಟಿನ್ಯಾಗ ಕುಂತ್ರ ಯಾರ ಜಾತಿ ಯಾವುದಂತ ಕತ್ತಲಾಗ ಗೊತ್ತಾಗತಿದ್ದಿಲ್ಲೋ’ ಅನ್ನುತ್ತಿದ್ದ. ಆ ಟಾಕೀಸಿನ ಬಗ್ಗೆ ಅವನಿಗಿದ್ದ ಪ್ರೀತಿ ಯಾವ ಗುಡಿಯ ಬಗ್ಗೆಯೂ ಇರಲಿಲ್ಲ.

ಗುಬ್ಬಿ ಕಂಪನಿಯ ನಾಟಕದಿಂದ ಬಂದ ಆ ಚಿತ್ರದಲ್ಲಿ ಗುಡಿಯ ಒಡವೆ ಕದಿಯುವವರು ಅರ್ಚಕರ ಕಡೆಯವರೇ, ಕಳ್ಳತನದ ಆರೋಪ ಹೊರುವವನು ಬೇಡ. ಮಡಿವಂತರ ಮನೆಯೊಳಗೆ ನಗೆ ಹುಟ್ಟಿಸಲು ನರಸಿಂಹರಾಜು ಇದ್ದಾರೆ. ಕನ್ನಡ ಸಿನಿಮಾ ತನ್ನ ಮೊದಲ ದೊಡ್ಡ ನಾಯಕನನ್ನು ಕಂಡದ್ದೇ ಗುಡಿಯ ಹೊರಗೆ ನಿಂತ ಬೇಡನಲ್ಲಿ ಎನ್ನುವುದು ಸಣ್ಣ ಸಂಗತಿಯಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಅರ್ಚಕನ ಪಾಲಿಗೆ ಬಂದದ್ದು ನಗೆಪಾಟಲು, ಬೇಡನ ಪಾಲಿಗೆ ಬಂದದ್ದು ಕಣ್ಣು ಕಿತ್ತುಕೊಡುವ ಪರೀಕ್ಷೆ. ತಪ್ಪು ಮಾಡಿದವನು ನಗಿಸಿ ಪಾರಾಗುತ್ತಾನೆ, ತಪ್ಪು ಮಾಡದವನು ರಕ್ತ ಕೊಟ್ಟು ಒಳಗೆ ಬರಬೇಕು. ‘ಭಕ್ತ ಕನಕದಾಸ’ದಲ್ಲಿ (1960) ದೇವರೇ ತಿರುಗಿ ನಿಲ್ಲುತ್ತಾನೆ, ಬಾಗಿಲು ಮಾತ್ರ ಇದ್ದಲ್ಲೇ ಇರುತ್ತದೆ.

ಆಮೇಲೆ ಬಂದ ಹೊಸ ಅಲೆಯ ಚಿತ್ರಗಳು ವಿಡಂಬನೆಯನ್ನು ಗಂಭೀರವಾಗಿಸಿದವು, ನಗುವನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟವು. ‘ಸಂಸ್ಕಾರ’ (1970) ಅಗ್ರಹಾರದ ಒಳಗಿನ ಜಗಳ. ಕೇರಿಯ ಮಟ್ಟಿಗೆ ಹೇಳುವುದಾದರೆ ಟಿ.ಎಸ್. ನಾಗಾಭರಣರ ಮೊದಲ ಚಿತ್ರ ‘ಗ್ರಹಣ’ (1978) ಮುಖ್ಯ. ಊರ ಹಬ್ಬದಲ್ಲಿ ಕೆಲವು ದಲಿತರನ್ನು ಕೆಲವೇ ದಿನಗಳ ಮಟ್ಟಿಗೆ ಬ್ರಾಹ್ಮಣರನ್ನಾಗಿ ಮಾಡುವ ಆಚರಣೆ ಅದರ ವಸ್ತು. ಜಾತಿಯೆನ್ನುವುದು ಹಾಕಿ ತೆಗೆಯುವ ವೇಷವೆಂದು ಊರೇ ಒಪ್ಪಿಕೊಂಡಂತಾಯಿತು! ಇದಕ್ಕಿಂತ ದೊಡ್ಡ ವಿಡಂಬನೆಯನ್ನು ಯಾವ ಹಾಸ್ಯಗಾರ ಬರೆದಾನು? ಆದರೆ ಚಿತ್ರ ಅದನ್ನು ದುರಂತವಾಗಿಯೇ ಕಂಡಿತು. ರಾಮ್ ರೆಡ್ಡಿಯವರ ‘ತಿಥಿ’ (2015) ಮತ್ತೆ ನಗು ತಂದಿತು. ಮಂಡ್ಯದ ಹಳ್ಳಿಯ ಜನರೇ ನಟಿಸಿದ ಆ ಚಿತ್ರದಲ್ಲಿ ಸಾವಿನ ಶಾಸ್ತ್ರವೆಲ್ಲ ಬಾಡೂಟ ಮತ್ತು ಜಮೀನಿನ ಕಾಗದದ ಸುತ್ತ ತಿರುಗುತ್ತದೆ. ನನಗೆ ಬಹಳ ಹಿಡಿಸಿದ ಚಿತ್ರ. ಅದರಲ್ಲಿ ಕೇರಿ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಇದಕ್ಕೆ ಕೆಲವು ಗೆಳೆಯರು ಸಿಟ್ಟಾಗಬಹುದು. ‘ಮೂಢನಂಬಿಕೆ’ ಅಂದ ಕೂಡಲೇ ನಮ್ಮ ಸಿನಿಮಾದ ಹಾಸ್ಯಕ್ಕೆ ಮೊದಲು ನೆನಪಾಗುವುದು ಮೈತುಂಬುವ ಹೆಂಗಸು, ಬೇವಿನುಡುಗೆ, ಜೋಗತಿ, ಕೋಳಿ ಕೊಯ್ಯುವ ಪೂಜಾರಿ. ಹೋಮದ ಹೊಗೆ ಕಂಡರೆ ಕ್ಯಾಮೆರಾ ಕೈಮುಗಿಯುತ್ತದೆ, ಬೇವಿನ ಸೊಪ್ಪು ಕಂಡರೆ ಕಿಸಕ್ಕೆಂದು ನಗುತ್ತದೆ. ಹುಲಿಗಿಯ ದಾರಿಯಲ್ಲಿ ಪಡ್ಡಲಗಿ ಹೊತ್ತ ಜೋಗತಿಯರನ್ನು ನೋಡುತ್ತಲೇ ಬೆಳೆದವನು ನಾನು. ನಮ್ಮ ಓಣಿಯಲ್ಲಿ ಮುತ್ತು ಕಟ್ಟಿಸಿಕೊಂಡ ಮುದುಕಿಯರಿದ್ದರು. 1982ರ ದೇವದಾಸಿ ನಿಷೇಧ ಕಾಯ್ದೆ ಬರುವ ಹೊತ್ತಿಗೆ ಅವರ ವಯಸ್ಸು ಕಳೆದುಹೋಗಿತ್ತು. ಅವರನ್ನು ಕುರಿತು ನಗುವುದು ಸುಲಭ, ಯಾಕಂದ್ರ ಅವರ ಪರವಾಗಿ ಥೇಟರಿಗೆ ಕಲ್ಲು ಹೊಡೆಯುವವರು ಯಾರೂ ಇಲ್ಲ. ಅವರಿಗೆ ಮುತ್ತು ಕಟ್ಟಿಸಿ ಲಾಭ ಪಡೆದ ಗೌಡರನ್ನು, ಕುಲಕರ್ಣಿಗಳನ್ನು ಕುರಿತು ಒಂದು ಹಾಸ್ಯಚಿತ್ರ ಬಂದದ್ದನ್ನು ನಾನು ಕಂಡಿಲ್ಲ. ಮೇಲಿನವರನ್ನು ಕೆಣಕಿದರೆ ಬೆಲೆ ತೆರಬೇಕಾಗುತ್ತದೆ. ವಿಗ್ರಹಾರಾಧನೆಯನ್ನು ಕುರಿತ ಮಾತಿಗಾಗಿ ಬೆದರಿಕೆ, ಪ್ರತಿಭಟನೆ ಎದುರಿಸಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಕೊಂದರು.

ಅಜ್ಜನ ಟಾಕೀಸಿನ ಕತ್ತಲಿಗೆ ಮತ್ತೆ ಬರುತ್ತೇನೆ. 2014ರ ಆಗಸ್ಟ್ 28ರಂದು ‘ಪವರ್’ ಸಿನಿಮಾ ತೆರೆಕಂಡಿತು. ಆ ದಿನ ಗಂಗಾವತಿಯ ಚಿತ್ರಮಂದಿರದಲ್ಲಿ ಟಿಕೇಟಿನ ವಿಷಯಕ್ಕೆ ಶುರುವಾದ ಜಗಳ ಮರಕುಂಬಿಗೆ ಹೋಯಿತು. ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರು ಬರಬಾರದೆಂಬ ತಕರಾರು ಆ ಊರಲ್ಲಿ ಮೊದಲೇ ಹೊಗೆಯಾಡುತ್ತಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳು ಧಾರವಾಡದ ಹೈಕೋರ್ಟ್ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನು ನೀಡಿತು. ಸಿನಿಮಾ ಸಮಾಜವನ್ನು ತಿದ್ದುತ್ತದೆಯೇ ಎಂದು ವಿಚಾರ ಸಂಕಿರಣಗಳಲ್ಲಿ ನಾವು ಕೇಳುತ್ತೇವೆ. ಗಂಗಾವತಿಯಲ್ಲಿ ನಿಂತವನು ಮೊದಲು ಟಿಕೇಟಿನ ಸಾಲಿನ ಬಗ್ಗೆ ಕೇಳಬೇಕಾಗುತ್ತದೆ.

ಇನ್ನು ಯಲಬುರ್ಗಾ ಸೀಮೆಯ ಚಿತ್ರಕ್ಕೆ ಬರುತ್ತೇನೆ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ 2022ರಲ್ಲಿ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, 2024ರ ಜೂನ್‌ನಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಯರೇಹಂಚಿನಾಳದ ಮಂದಿಯೇ ಅದರಲ್ಲಿ ಪಾತ್ರ ಮಾಡಿದ್ದಾರೆ, ನಮ್ಮದೇ ಮಾತು ಆಡುತ್ತಾರೆ. ಶಿವಮ್ಮ ಸರ್ಕಾರಿ ಸಾಲಿಯಲ್ಲಿ ಅಡಿಗೆ ಮಾಡುವ ಹೆಂಗಸು. ಗಂಡನಿಗೆ ಲಕ್ವ ಹೊಡೆದಿದೆ. ಒಬ್ಬರಿಂದ ಒಬ್ಬರಿಗೆ ಸರಪಳಿ ಕಟ್ಟಿ ಮಾರುವ ಒಂದು ಶಕ್ತಿವರ್ಧಕ ಪೇಯವನ್ನು ಅವಳು ನಂಬುತ್ತಾಳೆ. ಅದು ಗಂಡನನ್ನೂ ಎಬ್ಬಿಸೀತು, ಮನೆಯನ್ನೂ ಎತ್ತೀತು ಎಂದು ಕೈಲಿದ್ದ ದುಡ್ಡು ಹಾಕಿ ಊರೆಲ್ಲ ಮಾರುತ್ತ ತಿರುಗುತ್ತಾಳೆ.

ಇದರಲ್ಲಿ ಸ್ವಾಮಿಯೂ ಇಲ್ಲ, ಗುಡಿಯ ಜಗಳವೂ ಇಲ್ಲ. ಆದರೂ ಕುರುಡು ನಂಬಿಕೆಯ ಬಗ್ಗೆ ನಮ್ಮ ನೆಲದಿಂದ ಬಂದ ಸರಿಯಾದ ಹಾಸ್ಯಚಿತ್ರ ಇದೇ ಎನ್ನುತ್ತೇನೆ. ಕಂಪನಿಯವರ ಸಭೆ, ಚಪ್ಪಾಳೆ, ‘ನನಗ ಗುಣ ಆಗೇತಿ’ ಎನ್ನುವ ಸಾಕ್ಷಿ ಇವೆಲ್ಲ ಪವಾಡದ ಶಾಸ್ತ್ರಗಳೇ, ಹೊಸ ಅಂಗಿ ತೊಟ್ಟಿವೆ. ಚಿತ್ರ ನಗಿಸುತ್ತದೆ, ಶಿವಮ್ಮನನ್ನು ಮಾತ್ರ ನಗೆಗೀಡು ಮಾಡುವುದಿಲ್ಲ. ಅವಳು ಯಾಕೆ ನಂಬಿದಳೆಂದು ನಮಗೆ ಗೊತ್ತು: ದೊಡ್ಡಾಸ್ಪತ್ರೆ ದೂರ, ಅಡಿಗೆಯವರ ಗೌರವಧನ ಕಡಿಮೆ, ಮನೆಯಲ್ಲಿ ಎದ್ದೇಳದ ಗಂಡ. ‘ಓ ಮೈ ಗಾಡ್’ನ ಅಂಗಡಿಕಾರನಿಗೂ ಲಕ್ವ ಹೊಡೆದಿತ್ತು, ಶಿವಮ್ಮನ ಗಂಡನಿಗೂ ಹೊಡೆದಿದೆ. ಅಲ್ಲಿ ಕೃಷ್ಣ ಮೋಟಾರು ಸೈಕಲ್ಲೇರಿ ಬಂದವನು. ಯರೇಹಂಚಿನಾಳಕ್ಕೆ ಬಂದದ್ದು ಒಂದು ಡಬ್ಬಿ, ಅದೂ ರೊಕ್ಕ ಕೊಟ್ಟ ಮೇಲೆ.

ಈ ಚಿತ್ರವನ್ನೂ ಅದೇ ಮಕ್ಕಳಿಗೆ ತೋರಿಸಿದೆ, ಅದೇ ಧೋತರದ ಮೇಲೆ. ನಕ್ಕರು, ಆದರೆ ತಡೆದು ತಡೆದು ನಕ್ಕರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಸರ್, ನಮ್ಮವ್ವನೂ ಇಂಥಾ ಡಬ್ಬಿ ಮಾರ್ಯಾಳ್ರಿ’ ಅಂದಳು. ಮಿಯಾಪುರದ ಮಾತು ತೆಗೆದಿದ್ದ ಹುಡುಗ ಅವತ್ತೂ ಎದ್ದ. ‘ಸರ್, ನಮ್ಮೂರ ಗುಡಿದು ನಾವ ಒಂದು ಸಿನಿಮಾ ಮಾಡೋಣ್ರಿ’ ಅಂದ. ಶೂಟಿಂಗ್ ಎಲ್ಲಿ ಮಾಡ್ತಿಯೋ ಅಂತ ಕೇಳಿದೆ.

‘ಹೊರಗ ನಿಂತು ಮಾಡ್ತೀನ್ರಿ. ಒಳಗ ಬಿಡಂಗಿಲ್ಲಲ್ರಿ’ ಎಂದ. ಇಡೀ ಕ್ಲಾಸು ನಕ್ಕಿತು. ಅವನೂ ನಕ್ಕ.