ಫೀಡರ್‌ಗೆ ಬರುವ ಹಮ್ಮಿಂಗ್‌ಬರ್ಡ್‌ಗಳು ಕಡಿಮೆಯಾದರೆ ಅವು ಅಳಿದುಹೋಗುತ್ತಿವೆ ಎಂದರ್ಥವೇ?

ಅಮೆರಿಕದಲ್ಲಿ ಮನೆಯ ಹಿತ್ತಲಿನಲ್ಲೋ ಬಾಲ್ಕನಿಯಲ್ಲೋ ಸಕ್ಕರೆ ನೀರು ತುಂಬಿದ ಕೆಂಪು ಬಣ್ಣದ ಫೀಡರ್ ತೂಗುಹಾಕುವುದು ಸಾಮಾನ್ಯ. ಅದಕ್ಕೆ ಬರುವ ಪುಟ್ಟ ಹಮ್ಮಿಂಗ್‌ಬರ್ಡ್‌ಗಳ ವಿಡಿಯೊಗಳು ಅಲ್ಲಿರುವ ಮಗಳು, ಅಳಿಯ, ಅಣ್ಣನ ಮೂಲಕ ನಮ್ಮ ಫ್ಯಾಮಿಲಿ ಗ್ರೂಪ್‌ಗಳಿಗೂ ಬರುತ್ತವೆ. ಅವುಗಳ ಹಿಂದೆಯೇ ಇನ್ನೊಂದು ಬಗೆಯ ಸಂದೇಶವೂ ಬರುವುದುಂಟು: ‘ಈ ವರ್ಷ ಹಕ್ಕಿಗಳೇ ಇಲ್ಲ, ಎಲ್ಲ ಸತ್ತುಹೋಗಿವೆ, ಇದಕ್ಕೆ 5ಜಿ ಟವರ್ ಕಾರಣ, ಎಲ್ಲರಿಗೂ ತಿಳಿಸಿ.’

ಇದು ಎಷ್ಟು ನಿಜ?

ಚುಟುಕಾಗಿ ಹೇಳುವುದಾದರೆ, ಫೀಡರ್‌ಗೆ ಬರುವ ಹಕ್ಕಿಗಳ ಸಂಖ್ಯೆ ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಏರಿಳಿಯುವುದು ಸಹಜ. ಅದರಿಂದ ಹಕ್ಕಿಗಳು ಅಳಿಯುತ್ತಿವೆ ಎಂದು ತೀರ್ಮಾನಿಸಲು ಆಗುವುದಿಲ್ಲ. ಹಾಗೆಂದು ಎಲ್ಲವೂ ಸರಿಯಾಗಿದೆ ಎಂದೂ ಅಲ್ಲ. ಕೆಲವು ಜಾತಿಯ ಹಮ್ಮಿಂಗ್‌ಬರ್ಡ್‌ಗಳು ನಿಜಕ್ಕೂ ಕಡಿಮೆಯಾಗುತ್ತಿವೆ. ಆದರೆ ಅದು ಗೊತ್ತಾಗಿದ್ದು ಒಬ್ಬರ ಕಿಟಕಿಯಿಂದಲ್ಲ.

ಮೊದಲು ಹಕ್ಕಿಯ ಪರಿಚಯ

ಹಮ್ಮಿಂಗ್‌ಬರ್ಡ್‌ಗಳಲ್ಲಿ 350ಕ್ಕೂ ಹೆಚ್ಚು ಜಾತಿಗಳಿವೆ. ಇವೆಲ್ಲವೂ ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ಅಮೆರಿಕದ ಪೂರ್ವ ಭಾಗದಲ್ಲಿ, ಅಂದರೆ ನ್ಯೂಜೆರ್ಸಿ, ಜಾರ್ಜಿಯಾ, ಮಿಷಿಗನ್ ಮುಂತಾದ ಕಡೆ ಮರಿ ಮಾಡುವುದು ಒಂದೇ ಜಾತಿ: ರೂಬಿ ಥ್ರೋಟೆಡ್ ಹಮ್ಮಿಂಗ್‌ಬರ್ಡ್. ಗಂಡಿನ ಕೊರಳು ಮಾಣಿಕ್ಯದಂತೆ ಕೆಂಪಗೆ ಹೊಳೆಯುವುದರಿಂದ ಈ ಹೆಸರು.

ಇದರ ತೂಕ ಸುಮಾರು 3 ಗ್ರಾಂ, ಹೆಚ್ಚುಕಡಿಮೆ ನಮ್ಮ ಒಂದು ರೂಪಾಯಿ ನಾಣ್ಯದಷ್ಟು. ಚಳಿಗಾಲವನ್ನು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಲ್ಲಿ ಕಳೆದು, ವಸಂತದಲ್ಲಿ ಉತ್ತರಕ್ಕೆ ಬರುತ್ತದೆ. ಹಲವು ಹಕ್ಕಿಗಳು ಮೆಕ್ಸಿಕೊ ಕೊಲ್ಲಿಯ ಸುಮಾರು 800 ಕಿಲೋಮೀಟರ್ ಸಮುದ್ರವನ್ನು ಎಲ್ಲೂ ಇಳಿಯದೆ ಒಂದೇ ಹಾರಾಟದಲ್ಲಿ ದಾಟುತ್ತವೆ.

ಜೂನ್‌ನಲ್ಲಿ ಫೀಡರ್ ಖಾಲಿ ಖಾಲಿ ಏಕೆ?

ಪೂರ್ವ ಅಮೆರಿಕದ ಫೀಡರ್‌ನಲ್ಲಿ ಒಂದು ವರ್ಷ ಏನಾಗುತ್ತದೆ ನೋಡೋಣ.

ಮಾರ್ಚ್‌ನಿಂದ ಮೇ: ದಕ್ಷಿಣದ ಕರಾವಳಿ ರಾಜ್ಯಗಳಿಗೆ ಹಕ್ಕಿಗಳು ಮಾರ್ಚ್ ಹೊತ್ತಿಗೆ ಬರುತ್ತವೆ. ಉತ್ತರದ ರಾಜ್ಯಗಳಿಗೆ ತಲುಪುವಾಗ ಏಪ್ರಿಲ್ ಕೊನೆ ಅಥವಾ ಮೇ ತಿಂಗಳಾಗಿರುತ್ತದೆ. ಮೊದಲು ಗಂಡುಗಳು, ನಂತರ ಹೆಣ್ಣುಗಳು. ಹೂವು ಇನ್ನೂ ಕಡಿಮೆ ಇರುವುದರಿಂದ, ದಾರಿಯಲ್ಲಿ ಹೋಗುವ ಹಕ್ಕಿಗಳೂ ಫೀಡರ್‌ಗೆ ಬಂದು ಹೋಗುತ್ತವೆ. ಹೀಗಾಗಿ ಸಂಖ್ಯೆ ಜಾಸ್ತಿ ಕಾಣುತ್ತದೆ.

ಮೇ ಕೊನೆಯಿಂದ ಜೂನ್: ಇದ್ದಕ್ಕಿದ್ದಂತೆ ಹಕ್ಕಿಗಳು ಮಾಯವಾದಂತೆ ಅನಿಸುತ್ತದೆ. ಉತ್ತರಕ್ಕೆ ಹೋಗಬೇಕಾದವು ಮುಂದೆ ಹೋಗಿರುತ್ತವೆ. ಉಳಿದ ಹೆಣ್ಣುಗಳು ಗೂಡು ಕಟ್ಟಿ ಕಾವು ಕೂತಿರುತ್ತವೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು ಎರಡು ವಾರ ಕಾವು. ಆಮೇಲೆ ಸುಮಾರು ಮೂರು ವಾರ ಮರಿಗಳ ಆರೈಕೆ. ಗಂಡು ಇದಕ್ಕೆ ಕೈಜೋಡಿಸುವುದಿಲ್ಲ, ತಾಯಿಯೊಂದೇ ಎಲ್ಲವನ್ನೂ ಮಾಡಬೇಕು. ಮರಿ ಬೆಳೆಯಲು ಸಕ್ಕರೆ ಸಾಲದು, ಪ್ರೊಟೀನ್ ಬೇಕು. ಹಾಗಾಗಿ ತಾಯಿ ಸಣ್ಣ ಕೀಟ, ಜೇಡಗಳನ್ನು ಹುಡುಕುತ್ತಾ ಓಡಾಡುತ್ತದೆ. ಜೊತೆಗೆ ಆ ಹೊತ್ತಿಗೆ ಎಲ್ಲೆಡೆ ಹೂವು ಅರಳಿರುತ್ತದೆ. ಮನೆಯಲ್ಲಿ ಹಬ್ಬದಡುಗೆ ಇರುವಾಗ ಹೋಟೆಲಿಗೆ ಯಾರು ಹೋಗುತ್ತಾರೆ?

ಜುಲೈ ಕೊನೆಯಿಂದ ಸೆಪ್ಟೆಂಬರ್: ಈಗ ಫೀಡರ್ ಮುಂದೆ ನೂಕುನುಗ್ಗಲು. ಆ ವರ್ಷದ ಮರಿಗಳು ಹಾರಲು ಶುರುಮಾಡಿರುತ್ತವೆ, ದಕ್ಷಿಣಕ್ಕೆ ವಲಸೆಯೂ ಆರಂಭವಾಗಿರುತ್ತದೆ. ದೂರದ ಹಾರಾಟಕ್ಕೆ ಕೊಬ್ಬು ಕೂಡಿಡಲು ಹಕ್ಕಿಗಳು ಎಡೆಬಿಡದೆ ಕುಡಿಯುತ್ತವೆ. ಕೆಲವು ತಮ್ಮ ತೂಕವನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿಕೊಳ್ಳುತ್ತವೆ.

ಅಕ್ಟೋಬರ್: ಉತ್ತರದ ರಾಜ್ಯಗಳಲ್ಲಿ ಬಹುತೇಕ ಎಲ್ಲವೂ ಹೊರಟುಹೋಗಿರುತ್ತವೆ.

ಅಂದರೆ ಜೂನ್‌ನ ಖಾಲಿ ಫೀಡರ್ ಹಲವು ಸಲ ಒಳ್ಳೆಯ ಸುದ್ದಿಯೇ. ಹತ್ತಿರದ ಯಾವುದೋ ಮರದಲ್ಲಿ ಗೂಡಿದೆ ಎಂದು ಅರ್ಥವಿರಬಹುದು.

ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಕಾಣುವ ಆ್ಯನಾಸ್ ಹಮ್ಮಿಂಗ್‌ಬರ್ಡ್ ವರ್ಷವಿಡೀ ಇರುತ್ತದೆ, ಚಳಿಗಾಲದಲ್ಲೇ ಗೂಡು ಕಟ್ಟಲು ಶುರುಮಾಡುತ್ತದೆ. ನ್ಯೂಜೆರ್ಸಿಯ ಅಕ್ಕನ ಮನೆಯ ಅನುಭವವನ್ನು ಸ್ಯಾನ್ ಹೋಸೆಯ ತಮ್ಮನ ಮನೆಗೆ ಹೋಲಿಸಿದರೆ ಗೊಂದಲವಾಗುವುದು ಇದಕ್ಕೇ.

ಒಂದು ಫೀಡರ್‌ನ ಎಣಿಕೆ ಏಕೆ ಸಾಲದು?

ತಿಂಗಳಿನ ಏರಿಳಿತವನ್ನು ಬದಿಗಿಟ್ಟರೂ ಇನ್ನೂ ಹಲವು ಕಾರಣಗಳಿವೆ.

ಒಂದು, ಹಮ್ಮಿಂಗ್‌ಬರ್ಡ್‌ಗಳು ಜಗಳಗಂಟಿಗಳು. ಒಂದೇ ಗಂಡು ಇಡೀ ಫೀಡರ್ ತನ್ನದೆಂದು ಕಾವಲು ಕೂತು ಉಳಿದವನ್ನೆಲ್ಲ ಓಡಿಸುತ್ತದೆ. ನಿಮಗೆ ಕಾಣುವುದು ಒಂದು, ಪೊದೆಯಲ್ಲಿ ಕಾಯುತ್ತಿರುವುದು ನಾಲ್ಕು ಇರಬಹುದು.

ಎರಡು, ಇದಕ್ಕೆ ವಿರುದ್ಧವಾದದ್ದೂ ನಿಜ. ಒಂದೇ ಹಕ್ಕಿ ದಿನಕ್ಕೆ ಹತ್ತಾರು ಸಲ ಬರುತ್ತದೆ. ಹತ್ತು ಸಲ ಬಂದದ್ದನ್ನು ಹತ್ತು ಹಕ್ಕಿ ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಮೂರು, ಸುತ್ತಲಿನ ಆಹಾರ. ಮಳೆ ಚೆನ್ನಾಗಿ ಬಂದು ಕಾಡುಹೂವು ಹೆಚ್ಚಿದರೆ ಫೀಡರ್‌ಗೆ ಗಿರಾಕಿ ಕಡಿಮೆ. ಬರ ಬಂದರೆ ಗಿರಾಕಿ ಜಾಸ್ತಿ. ಪಕ್ಕದ ಮನೆಯವರು ಹೊಸ ಫೀಡರ್ ಹಾಕಿದರೂ ನಿಮ್ಮಲ್ಲಿ ಸಂಖ್ಯೆ ಇಳಿಯುತ್ತದೆ.

ನಾಲ್ಕು, ಫೀಡರ್‌ನ ಸ್ಥಿತಿ. ಬಿಸಿಲಿಗೆ ಸಕ್ಕರೆ ನೀರು ಬೇಗ ಹುಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಹಾಳಾದ ನೀರನ್ನು ಹಕ್ಕಿ ಕುಡಿಯದೆ ಹೋದರೆ ಅದು ಹಕ್ಕಿ ಸತ್ತಿದ್ದರಿಂದಲ್ಲ.

ಹಾಗಾದರೆ ನಿಜವಾದ ಸಂಖ್ಯೆ ತಿಳಿಯುವುದು ಹೇಗೆ?

ಉತ್ತರ ಅಮೆರಿಕದಲ್ಲಿ 1966ರಿಂದ ‘ಬ್ರೀಡಿಂಗ್ ಬರ್ಡ್ ಸರ್ವೆ’ ಎಂಬ ಗಣತಿ ನಡೆಯುತ್ತಿದೆ. ಪಳಗಿದ ಪಕ್ಷಿವೀಕ್ಷಕರು ಹಕ್ಕಿಗಳು ಮರಿ ಮಾಡುವ ಸಮಯದಲ್ಲಿ, ಪ್ರತಿ ವರ್ಷ ಅದೇ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್ ಸಾಗುತ್ತಾರೆ. 50 ಕಡೆ ನಿಂತು, ಪ್ರತಿ ಕಡೆ 3 ನಿಮಿಷ ಕಂಡ ಮತ್ತು ಕೇಳಿದ ಹಕ್ಕಿಗಳನ್ನು ಬರೆದುಕೊಳ್ಳುತ್ತಾರೆ. ಇಂಥ ಸಾವಿರಾರು ಮಾರ್ಗಗಳಿವೆ. ಇದರ ಜೊತೆಗೆ ಮನೆಯ ಫೀಡರ್ ನೋಡುವವರೇ ಚಳಿಗಾಲದಲ್ಲಿ ಮಾಹಿತಿ ಕೊಡುವ ‘ಪ್ರಾಜೆಕ್ಟ್ ಫೀಡರ್‌ವಾಚ್’ ಇದೆ. ಯಾರು ಬೇಕಾದರೂ ಮೊಬೈಲಿನಿಂದ ದಾಖಲಿಸಬಹುದಾದ ‘ಇಬರ್ಡ್’ ಕೂಡ ಇದೆ.

ಒಬ್ಬರ ಕಿಟಕಿ ಹೇಳದ ಮಾತನ್ನು ಸಾವಿರಾರು ಕಿಟಕಿಗಳು, ಹತ್ತಾರು ವರ್ಷಗಳ ದಾಖಲೆ ಹೇಳುತ್ತವೆ. ಅವು ಹೇಳುವುದು ಎಲ್ಲ ಜಾತಿಗೂ ಒಂದೇ ಕಥೆಯಲ್ಲ.

ಆ್ಯನಾಸ್ ಹಮ್ಮಿಂಗ್‌ಬರ್ಡ್ ಹೆಚ್ಚುತ್ತಿದೆ. ಸುಮಾರು ನೂರು ವರ್ಷದ ಹಿಂದೆ ಮುಖ್ಯವಾಗಿ ಕ್ಯಾಲಿಫೋರ್ನಿಯಾ ಸುತ್ತಮುತ್ತ ಇದ್ದ ಈ ಹಕ್ಕಿ ಈಗ ಕೆನಡಾದ ಬ್ರಿಟಿಷ್ ಕೊಲಂಬಿಯಾವರೆಗೆ ಹರಡಿದೆ. ಜನ ನೆಟ್ಟ ಹೂಗಿಡಗಳು ಮತ್ತು ಫೀಡರ್‌ಗಳು ಇದಕ್ಕೆ ನೆರವಾಗಿವೆ. 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಫೀಡರ್‌ವಾಚ್ ದಾಖಲೆಗಳನ್ನೇ ಬಳಸಿ ಈ ನಂಟನ್ನು ತೋರಿಸಿತು.

ರೂಬಿ ಥ್ರೋಟೆಡ್ 1966ರಿಂದೀಚೆಗಿನ ಒಟ್ಟು ಲೆಕ್ಕದಲ್ಲಿ ಹೆಚ್ಚಿದೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಇಳಿಮುಖದ ಸೂಚನೆಗಳೂ ಕಂಡಿವೆ. ಆದ್ದರಿಂದ ಅದರ ಮೇಲೆ ಕಣ್ಣಿಡಬೇಕಾಗಿದೆ.

ರೂಫಸ್ ಹಮ್ಮಿಂಗ್‌ಬರ್ಡ್ ವಿಷಯದಲ್ಲಿ ಮಾತ್ರ ಆತಂಕ ನಿಜ. ಮೆಕ್ಸಿಕೊದಿಂದ ಅಲಾಸ್ಕಾವರೆಗೆ ಸುಮಾರು 6,000 ಕಿಲೋಮೀಟರ್ ಹಾರಬಲ್ಲ ಈ ಕಂದು ಹಕ್ಕಿಯ ಸಂಖ್ಯೆ ಕಳೆದ ಐದು ದಶಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದಿದೆ. 2018ರಿಂದ ಇದು ಐಯುಸಿಎನ್ ಪಟ್ಟಿಯಲ್ಲಿ ‘ಅಪಾಯದ ಅಂಚಿಗೆ ಹತ್ತಿರ’ ಎಂಬ ವರ್ಗದಲ್ಲಿದೆ. ಆವಾಸದ ನಾಶ, ಹವಾಮಾನ ಬದಲಾದಂತೆ ಹೂ ಬಿಡುವ ಕಾಲ ಏರುಪೇರಾಗುವುದು, ಕೀಟನಾಶಕಗಳಿಂದ ಆಹಾರದ ಕೀಟಗಳು ಕಡಿಮೆಯಾಗುವುದು, ಇವೆಲ್ಲವನ್ನೂ ವಿಜ್ಞಾನಿಗಳು ಶಂಕಿಸುತ್ತಾರೆ. ಇದೊಂದೇ ಕಾರಣ ಎಂದು ಬೊಟ್ಟು ಮಾಡುವಂತಿಲ್ಲ.

5ಜಿ ಟವರ್ ಕಾರಣವೇ?

ಹಮ್ಮಿಂಗ್‌ಬರ್ಡ್‌ಗಳ ಇಳಿಕೆಗೆ 5ಜಿ ಕಾರಣ ಎನ್ನಲು ಪುರಾವೆ ಇಲ್ಲ. ಸ್ವಲ್ಪ ಯೋಚಿಸಿದರೂ ಈ ವಾದ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಮೊಬೈಲ್ ಸೇವೆ ಶುರುವಾಗಿದ್ದು 1983ರಲ್ಲಿ, ಫೋನ್‌ಗಳಿಗೆ 5ಜಿ ಬಂದದ್ದು 2019ರಲ್ಲಿ. ರೂಫಸ್ ಹಕ್ಕಿಯ ಇಳಿಕೆ ಅದಕ್ಕೂ ಹಲವು ದಶಕ ಹಿಂದಿನಿಂದ ದಾಖಲಾಗಿದೆ. ಇನ್ನೊಂದೆಡೆ, ಟವರ್‌ಗಳು ದಟ್ಟವಾಗಿರುವ ಪಶ್ಚಿಮ ಕರಾವಳಿಯ ನಗರಗಳಲ್ಲೇ ಆ್ಯನಾಸ್ ಹಕ್ಕಿ ಚೆನ್ನಾಗಿ ಬೆಳೆದಿದೆ.

ಟವರ್ ಮೇಲೆ ತಪ್ಪು ಹೊರಿಸುವುದರಿಂದ ಒಂದು ನಷ್ಟವೂ ಇದೆ. ಕಣ್ಣೆದುರಿನ ನಿಜವಾದ ಅಪಾಯಗಳು ಮರೆಯಾಗುತ್ತವೆ. ಅಮೆರಿಕದಲ್ಲಿ ಕಟ್ಟಡಗಳಿಗೆ, ಮುಖ್ಯವಾಗಿ ಗಾಜಿಗೆ ಬಡಿದು ವರ್ಷಕ್ಕೆ ಸುಮಾರು 36 ಕೋಟಿಯಿಂದ 99 ಕೋಟಿ ಹಕ್ಕಿಗಳು ಸಾಯುತ್ತವೆ ಎಂದು 2014ರ ಅಧ್ಯಯನವೊಂದು ಅಂದಾಜಿಸಿದೆ. ಇದು ಎಲ್ಲ ಜಾತಿಯ ಹಕ್ಕಿಗಳು ಸೇರಿದ ಲೆಕ್ಕ. ಹೊರಗೆ ಓಡಾಡುವ ಬೆಕ್ಕುಗಳಿಗೆ ಬಲಿಯಾಗುವ ಹಕ್ಕಿಗಳ ಸಂಖ್ಯೆ ಇದಕ್ಕಿಂತಲೂ ದೊಡ್ಡದು.

ಜೊತೆಗೆ ಓಡಾಡುವ ಇನ್ನಷ್ಟು ಮಾತುಗಳು

‘ಬೆಲ್ಲ ಅಥವಾ ಜೇನು ಹಾಕಿದರೆ ಹಕ್ಕಿಗೆ ಒಳ್ಳೆಯದು.’ ತಪ್ಪು. ಬೆಲ್ಲ, ಕಂದು ಸಕ್ಕರೆಗಳಲ್ಲಿರುವ ಕಬ್ಬಿಣದ ಅಂಶ ಈ ಹಕ್ಕಿಗಳಿಗೆ ಹಾನಿ ಮಾಡಬಹುದು. ನೀರಿಗೆ ಬೆರೆಸಿದ ಜೇನಿನಲ್ಲಿ ಶಿಲೀಂಧ್ರ ಬೇಗ ಬೆಳೆಯುತ್ತದೆ. ನಮಗೆ ಬೆಲ್ಲ ಒಳ್ಳೆಯದಿರಬಹುದು, ಮೂರು ಗ್ರಾಂ ಹಕ್ಕಿಯ ಲೆಕ್ಕ ಬೇರೆ. ಒಂದು ಪಾಲು ಬಿಳಿ ಸಕ್ಕರೆ, ನಾಲ್ಕು ಪಾಲು ನೀರು, ಅಷ್ಟೇ ಸಾಕು.

‘ನೀರಿಗೆ ಕೆಂಪು ಬಣ್ಣ ಬೆರೆಸಬೇಕು.’ ಬೇಡ. ಫೀಡರ್‌ನ ಹೊರಗಿನ ಕೆಂಪು ಬಣ್ಣವೇ ಸಾಕು.

‘ಫೀಡರ್ ತೆಗೆಯದಿದ್ದರೆ ಹಕ್ಕಿ ವಲಸೆ ಹೋಗದೆ ಚಳಿಗೆ ಸಾಯುತ್ತದೆ.’ ತಪ್ಪು. ವಲಸೆಗೆ ಮುಖ್ಯ ಸೂಚನೆ ಹಗಲಿನ ಅವಧಿ ಕಡಿಮೆಯಾಗುವುದು. ತಡವಾಗಿ ಹೊರಟ ಹಕ್ಕಿಗೆ ನಿಮ್ಮ ಫೀಡರ್ ಬುತ್ತಿಯಾಗುತ್ತದೆ.

‘ತಲೆಕೆಳಗಾಗಿ ನೇತಾಡುವ ಹಕ್ಕಿ ಸತ್ತಿದೆ.’ ಯಾವಾಗಲೂ ಅಲ್ಲ. ಚಳಿಯಲ್ಲಿ ಶಕ್ತಿ ಉಳಿಸಲು ಇವು ದೇಹದ ಉಷ್ಣತೆ, ಹೃದಯ ಬಡಿತ ಇಳಿಸಿಕೊಂಡು ಒಂದು ಬಗೆಯ ಜಡನಿದ್ರೆಗೆ ಹೋಗುತ್ತವೆ. ಬಿಸಿಲೇರಿದಂತೆ ಎಚ್ಚರಗೊಳ್ಳುತ್ತವೆ. ಮುಟ್ಟದೆ ಬಿಡುವುದೇ ಒಳಿತು.

ನಮ್ಮ ದಾಸವಾಳಕ್ಕೆ ಬರುವುದು ಯಾವುದು?

‘ನಮ್ಮ ತೋಟಕ್ಕೂ ಹಮ್ಮಿಂಗ್‌ಬರ್ಡ್ ಬಂದಿದೆ’ ಎಂಬ ಫೋಟೊಗಳು ಕರ್ನಾಟಕದಲ್ಲೂ ಓಡಾಡುತ್ತವೆ. ಭಾರತದಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲ. ದಾಸವಾಳ, ಬಾಳೆ ಹೂವಿಗೆ ಬರುವ ಬಾಗಿದ ಕೊಕ್ಕಿನ ಹೊಳೆಯುವ ಪುಟ್ಟ ಹಕ್ಕಿ ಸೂರಕ್ಕಿ, ಅಂದರೆ ಸನ್‌ಬರ್ಡ್. ಮಕರಂದ ಕುಡಿಯುವ ಅಭ್ಯಾಸ ಒಂದೇ ಆದರೂ ಎರಡೂ ಬೇರೆ ಬೇರೆ ವಂಶದವು. ಸೂರಕ್ಕಿ ಹೆಚ್ಚಾಗಿ ಕೊಂಬೆಯ ಮೇಲೆ ಕೂತೇ ಕುಡಿಯುತ್ತದೆ.

ಹಕ್ಕಿ ಬೇರೆಯಾದರೂ ಲೆಕ್ಕದ ತಪ್ಪು ಮಾತ್ರ ಇಲ್ಲೂ ಅದೇ. ‘ಮೊಬೈಲ್ ಟವರ್‌ನಿಂದ ಗುಬ್ಬಚ್ಚಿ ಮಾಯ’ ಎಂಬ ಸಂದೇಶ ನಾವೆಲ್ಲ ಓದಿದ್ದೇವೆ. 2020ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯ ಪ್ರಕಾರ, ದೇಶದ ಮಟ್ಟದಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಕಳೆದ 25 ವರ್ಷಗಳಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿತ್ತು. ದೊಡ್ಡ ನಗರಗಳಲ್ಲಿ ಮಾತ್ರ ಕಡಿಮೆಯಾಗಿತ್ತು. ನಗರದವರು ತಮ್ಮ ಕಿಟಕಿಯಲ್ಲಿ ಕಂಡದ್ದು ಸುಳ್ಳಲ್ಲ, ಅದನ್ನೇ ಇಡೀ ದೇಶಕ್ಕೆ ಅನ್ವಯಿಸಿದ್ದು ತಪ್ಪು.

ಫಾರ್ವರ್ಡ್ ಮಾಡುವ ಮುನ್ನ

‘ಹಕ್ಕಿಗಳು ಮಾಯ’ ಎಂಬ ಸಂದೇಶ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಯಾವ ಜಾತಿಯ ಹಕ್ಕಿ? ಯಾವ ಊರು, ಯಾವ ತಿಂಗಳು? ಎಷ್ಟು ವರ್ಷಗಳ, ಎಷ್ಟು ಕಡೆಯ ಲೆಕ್ಕ? ಕಾರಣ ಎಂದು ಹೇಳಿದ್ದಕ್ಕೆ ಪುರಾವೆ ಏನು? ಉತ್ತರವಿಲ್ಲದಿದ್ದರೆ ಅಲ್ಲೇ ನಿಲ್ಲಿಸಿ.

ಅಮೆರಿಕದಲ್ಲಿರುವ ನಿಮ್ಮವರು ಆತಂಕದಲ್ಲಿದ್ದರೆ ಹೀಗೆ ಹೇಳಿ: ಫೀಡರ್ ಚೆನ್ನಾಗಿ ತೊಳೆಯಿರಿ, ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ, ಆ ಊರಿನದೇ ಹೂಗಿಡ ನೆಡಿ, ಕೀಟನಾಶಕ ಹೊಡೆಯಬೇಡಿ, ಆಗಸ್ಟ್‌ವರೆಗೆ ಕಾಯಿರಿ. ಬಂದ ಹಕ್ಕಿಯನ್ನೂ ಬಾರದ ಹಕ್ಕಿಯನ್ನೂ ಇಬರ್ಡ್‌ನಂಥ ಕಡೆ ದಾಖಲಿಸಿ. ಊರಲ್ಲಿರುವ ನಾವೂ ಸೂರಕ್ಕಿ, ಗುಬ್ಬಚ್ಚಿಗಳ ಲೆಕ್ಕವನ್ನು ಅಲ್ಲೇ ದಾಖಲಿಸಬಹುದು.

ರೂಫಸ್ ಹಕ್ಕಿ ಕಡಿಮೆಯಾಗುತ್ತಿದೆ ಎಂದು ಇಂದು ಜಗತ್ತಿಗೆ ಗೊತ್ತಿರುವುದು, ಸಾವಿರಾರು ಜನ ವರ್ಷ ಬಿಡದೆ ಒಂದೇ ದಾರಿಯಲ್ಲಿ ಹೋಗಿ ಕಂಡದ್ದನ್ನು ಕಂಡಷ್ಟೇ ಬರೆದಿದ್ದರಿಂದ. ಹಕ್ಕಿಗೆ ಉಪಕಾರವಾಗುವುದು ಆ ಲೆಕ್ಕದಿಂದ, ಗಾಬರಿಯ ಫಾರ್ವರ್ಡ್‌ನಿಂದಲ್ಲ.