ಮೂವತ್ತಾರು ಘನ ಅಡಿ: ಹಡಗಿನ ಕರಾರುಪತ್ರದೊಳಗಿನ ತಾರತಮ್ಯ

ಆರು ಅಡಿ ಉದ್ದ, ಮೂರು ಅಡಿ ಅಗಲ, ಎರಡು ಅಡಿ ಎತ್ತರದ ಒಂದು ಪೆಟ್ಟಿಗೆಯನ್ನು ಊಹಿಸಿಕೊಳ್ಳಿ. ಒಳಗೆ ಮಲಗಬಹುದು, ಎದ್ದು ಕೂತರೆ ತಲೆ ತಗಲುತ್ತದೆ. ಅದರ ಗಾತ್ರ 36 ಘನ ಅಡಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ವಾಣಿಜ್ಯ ಹಡಗುಗಳ ಭಾರತೀಯ ಖಲಾಸಿಗೆ ಕಾನೂನು ಗೊತ್ತುಮಾಡಿದ್ದ ವಾಸದ ಜಾಗ ಇಷ್ಟೇ. ಬ್ರಿಟಿಷ್ ನಾವಿಕನಿಗೆ 1906ರ ಕಾಯಿದೆ 120 ಘನ ಅಡಿ ಕೊಟ್ಟಿತು.

ಹಡಗಿನ ಸಿಬ್ಬಂದಿಯ ನಡುವಿನ ಪೂರ್ವಗ್ರಹದ ಚರ್ಚೆ ಸಾಮಾನ್ಯವಾಗಿ ಮನಸ್ಸುಗಳಿಂದ ಶುರುವಾಗುತ್ತದೆ: ಯಾರು ಯಾರನ್ನು ಹೀಗಳೆದರು, ಯಾರು ಯಾರ ಜೊತೆ ಉಣ್ಣಲಿಲ್ಲ. ಲಾಸ್ಕರರೆಂಬ ಈ ಖಲಾಸಿಗಳ ಚರಿತ್ರೆ ಓದಿದಾಗ ನನಗೆ ಕಾಣುವುದು ಬೇರೆ. ಅಲ್ಲಿ ತಾರತಮ್ಯ ಮೊದಲು ಕಾಗದದ ಮೇಲಿತ್ತು. ಮನಸ್ಸುಗಳು ಆಮೇಲೆ ಅದಕ್ಕೆ ಹೊಂದಿಕೊಂಡವು.

ನಮಗೆ ಲಷ್ಕರವೆಂದರೆ ಸೇನೆ. ಅದೇ ಪಾರಸಿ ಪದ ಇಂಗ್ಲಿಷರ ಬಾಯಲ್ಲಿ ಲಾಸ್ಕರ್ ಆಗಿ, ಹಿಂದೂ ಮಹಾಸಾಗರದ ಕಡೆಯ ಹಡಗಾಳುಗಳ ಹೆಸರಾಯಿತು. ಇವರು ಬ್ರಿಟಿಷ್ ನಾವಿಕರ ಲೆಕ್ಕಕ್ಕೆ ಬರುವುದಿಲ್ಲವೆಂದು 1823ರ ಕಾಯಿದೆಯೇ ಹೇಳಿತ್ತು. ಪ್ರತ್ಯೇಕ ಕರಾರಿಗೆ ಹೆಬ್ಬೆಟ್ಟು ಒತ್ತಿದವನ ಸಂಬಳ ಬಿಳಿಯ ನಾವಿಕನ ಸಂಬಳದ ಮೂರನೇ ಒಂದರಿಂದ ಐದನೇ ಒಂದು ಪಾಲಿನಷ್ಟು. 1914ರ ಹೊತ್ತಿಗೆ ಇಂಥವರ ಸಂಖ್ಯೆ ಐವತ್ತು ಸಾವಿರ ದಾಟಿತ್ತು.

ವೈವಿಧ್ಯವನ್ನೂ ಈ ಕರಾರು ತನಗೆ ಬೇಕಾದಂತೆ ಜೋಡಿಸಿಕೊಂಡಿತು. ಡೆಕ್ಕಿಗೆ ರತ್ನಾಗಿರಿ, ಗುಜರಾತ್, ನೌಖಾಲಿಯವರು. ಎಂಜಿನ್ ಕೋಣೆಗೆ ಸಿಲ್ಹೆಟ್ ಮತ್ತು ಪಂಜಾಬಿನವರು. ಅಡುಗೆ, ಊಟದ ಸೇವೆಗೆ ಗೋವೆಯ ಕ್ರೈಸ್ತರು. ಒಂದೊಂದು ಗುಂಪಿಗೂ ಅದರದೇ ಮುಖ್ಯಸ್ಥ. ಡೆಕ್ಕಿನ ಮೇಲೆ ಸಾರಂಗ, ಅವನ ಕೈಕೆಳಗೆ ತಿಂಡಾಲ. ಮಲ್ಪೆಯ ಮೀನುಗಾರರ ಬಾಯಲ್ಲಿ ಇವತ್ತೂ ಇರುವ ತಾಂಡೇಲ ಎಂಬ ಪದ ಇದರ ಒಡಹುಟ್ಟೇ ಇರಬೇಕು. ನಮ್ಮಲ್ಲಿ ಅದು ಬೋಟಿನ ಯಜಮಾನಿಕೆಯ ಪದ. ಉಗಿಹಡಗಿನಲ್ಲಿ ಅದು ಏಣಿಯ ನಡುಮೆಟ್ಟಿಲು, ಸಾರಂಗನಾಚೆಗೆ ಭಾರತೀಯ ಖಲಾಸಿ ಹತ್ತುವಂತಿರಲಿಲ್ಲ. ಅಧಿಕಾರಿಗಳು ಕಲಿತ ಭಾಷೆಯೂ ಇದಕ್ಕೆ ಒಪ್ಪುವಂಥದೇ. ಥಾಮಸ್ ರೋಬಕ್ 1811ರಲ್ಲಿ ಪ್ರಕಟಿಸಿದ ಇಂಗ್ಲಿಷ್–ಹಿಂದೂಸ್ತಾನಿ ನೌಕಾ ನಿಘಂಟು ಹಡಗು ನಡೆಸುವಾಗಿನ ಆಜ್ಞೆಗಳ ಸಂಗ್ರಹವೂ ಹೌದು. ಅಧಿಕಾರಿಗೆ ಬೇಕಿದ್ದದ್ದು ಅಷ್ಟು ಮಾತು.

ಪೂರ್ವಗ್ರಹಕ್ಕೆ ವಿಜ್ಞಾನದ ವೇಷವೂ ಸಿಕ್ಕಿತು. ಉಷ್ಣದೇಶದವರಿಗೆ ಬಾಯ್ಲರಿನ ಬೆಂಕಿ ಸಹಜ ಎಂಬ ನಂಬಿಕೆಯಿಂದ ಅವರನ್ನು ಕುಲುಮೆಯ ಮುಂದೆ ನಿಲ್ಲಿಸಿದರು. ಬೆಂಕಿಗೆ ಕಲ್ಲಿದ್ದಲು ಎರಚುವವನಿಗೆ ಆಗ್‌ವಾಲಾ ಎಂದೇ ಹೆಸರು. ಅವರ ದೇಹ ಚಳಿ ತಡೆಯದು ಎಂಬ ಮಾತು ಅದರ ಮಗ್ಗುಲಲ್ಲೇ ಇತ್ತು. ಬಿಸಿಲಿನ ನಾಡಿನವನಾದರೇನು, ಕುಲುಮೆಯ ಬಾಯಿ ತೆರೆದಾಗ ಸುಡುವುದು ಎಲ್ಲರ ಚರ್ಮವನ್ನೂ.

ದಡದಲ್ಲೂ ಕಾಗದ ಬೆನ್ನು ಬಿಡಲಿಲ್ಲ. ಬ್ರಿಟಿಷ್ ಪ್ರಜೆಯೆಂದು ರುಜುವಾತು ತೋರಿಸಲಾಗದ ಬಣ್ಣದ ನಾವಿಕರು ಪೊಲೀಸರಲ್ಲಿ ವಿದೇಶಿಯರೆಂದು ನೋಂದಾಯಿಸಿಕೊಳ್ಳಬೇಕೆಂದು 1925ರ ಆದೇಶ ಹೇಳಿತು. 1939ರಲ್ಲಿ ಯುದ್ಧ ಶುರುವಾದಾಗ ಲಾಸ್ಕರರು ಬಂದರು ಬಂದರಿನಲ್ಲಿ ಕೆಲಸ ನಿಲ್ಲಿಸಿ ಹೆಚ್ಚಿನ ಸಂಬಳ ಕೇಳಿದರು. ಹಲವರು ಜೈಲು ಸೇರಿದರು. ಅದೇ ಯುದ್ಧದಲ್ಲಿ ಆರು ಸಾವಿರಕ್ಕೂ ಹೆಚ್ಚು ಭಾರತೀಯ ನಾವಿಕರು ಸತ್ತರು. ಟಾರ್ಪೆಡೊ ಕರಾರುಪತ್ರ ನೋಡಿ ಬಡಿಯುವುದಿಲ್ಲ.

ಇದು ಮುಗಿದ ಕಥೆಯಲ್ಲ. ಹೊರದೇಶದಲ್ಲಿ ನೇಮಕಗೊಂಡ ನಾವಿಕರಿಗೆ ಕಡಿಮೆ ಸಂಬಳ ಕೊಡಲು ಬ್ರಿಟನ್ನಿನ 1976ರ ಜನಾಂಗ ಸಂಬಂಧಗಳ ಕಾಯಿದೆಯಲ್ಲೇ ವಿನಾಯಿತಿಯಿತ್ತು. 2011ರ ನಿಯಮಗಳು ಅದನ್ನು ಭಾಗಶಃ ಮಾತ್ರ ಮುಚ್ಚಿದವು. ಇಂದು ಜಗತ್ತಿನ ವಾಣಿಜ್ಯ ಹಡಗುಗಳಿಗೆ ಅತಿ ಹೆಚ್ಚು ನಾವಿಕರನ್ನು ಕೊಡುವ ದೇಶಗಳ ಸಾಲಿನಲ್ಲಿ ಫಿಲಿಪೀನ್ಸ್, ಇಂಡೊನೇಷ್ಯಾ, ಚೀನಾಗಳ ಜೊತೆ ಭಾರತವೂ ಇದೆ. ಹಾಗಾಗಿ 2006ರ ಕಡಲ ಕಾರ್ಮಿಕ ಒಡಂಬಡಿಕೆಯನ್ನು ನಾವು ಅಕ್ಷರ ಅಕ್ಷರವಾಗಿ ಓದಬೇಕು. ಮಲಗುವ ಮಂಚ ಕನಿಷ್ಠ 198 ಸೆಂಟಿಮೀಟರ್ ಉದ್ದ, 80 ಸೆಂಟಿಮೀಟರ್ ಅಗಲ ಇರತಕ್ಕದ್ದು ಎನ್ನುತ್ತದೆ ಅದು. ಮಲಗುವವನ ದೇಶ ಕೇಳುವುದಿಲ್ಲ. ಒಂದೇ ಹಡಗಿನ ಸಮಾನ ಕೆಲಸಕ್ಕೆ ಜನಾಂಗ, ಬಣ್ಣ ನೋಡದೆ ಸಮಾನ ವೇತನ ಎಂಬ ವಾಕ್ಯವೂ ಅಲ್ಲಿದೆ. ಆದರೆ ಅದಿರುವುದು ಕಡ್ಡಾಯವಲ್ಲದ ಬಿ ಭಾಗದಲ್ಲಿ, ‘ತಕ್ಕದ್ದು’ ಎಂದಲ್ಲ, ‘ಕೊಟ್ಟರೆ ಒಳಿತು’ ಎಂಬ ಧಾಟಿಯಲ್ಲಿ.